ಬಾಗಿಲು ಮಾವನ ಮೂರನೇ ಬಾಗಿಲು

ನಮ್ಮ ಬೀದಿಯ ಬಾರಿನ ಬಾಗಿಲಲ್ಲಿ ನಿಲ್ಲುವ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇರಬೇಕು. ಅದನ್ನು ಯಾರೂ ಕೇಳಿದವರಿಲ್ಲ. ಹೆಂಡತಿ ಅವನನ್ನು 'ಏನ್ರೀ' ಅನ್ನುತ್ತಾಳೆ, ಉಳಿದ ಲೋಕ 'ಬಾಗಿಲು ಮಾವ' ಅನ್ನುತ್ತದೆ. ಒಳಗೆ ಬರುವ ಪ್ರತಿಯೊಬ್ಬ ಗಿರಾಕಿಯನ್ನೂ ಅವನು 'ಬಾ ಅಳಿಯ' ಅಂತಲೇ ಕರೆಯುವುದರಿಂದ ಈ ಸಂಬಂಧ ತಾನಾಗಿ ಬೆಳೆದದ್ದು. ಒಂದು ಹೆಣ್ಣನ್ನೂ ಧಾರೆ ಎರೆಯದೆ ಇಷ್ಟೊಂದು ಅಳಿಯಂದಿರನ್ನು ಸಂಪಾದಿಸಿದ ಗೃಹಸ್ಥ ನಮ್ಮ ಕಡೆ ಬೇರೆ ಯಾರೂ ಇಲ್ಲ.

ಬಾರಿನ ಬಾಗಿಲು ಕಾಯುವವನು ಬಾಗಿಲಷ್ಟೇ ಅಗಲ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಮಾವ ಆ ಬಾಗಿಲ ಚಿಲಕದಷ್ಟಿದ್ದಾನೆ. ತೋಳು ಸಣ್ಣ, ಕುತ್ತಿಗೆ ಉದ್ದ, ಮೀಸೆ ಮಾತ್ರ ಇನ್ಯಾರದೋ ದೊಡ್ಡ ಆಳಿಗೆ ಅಂತ ಮಾಡಿಸಿ ಅವರು ತೆಗೆದುಕೊಂಡು ಹೋಗದೆ ಉಳಿದದ್ದನ್ನು ಇವನಿಗೆ ಕೊಟ್ಟ ಹಾಗೆ. ಕೈಯಲ್ಲಿ ಸದಾ ಒಂದು ಟಾರ್ಚು. ಅದು ಹತ್ತುವುದಿಲ್ಲ. ಅದರ ಬೆಳಕು ಹೋದದ್ದೂ, ಅವನ ಮೊದಲ ನೌಕರಿ ಹೋದದ್ದೂ ಒಂದೇ ಕಾಲಕ್ಕೆ.

ಮೊದಲ ನೌಕರಿ ಅಂದರೆ ಸಿನಿಮಾ ಟಾಕೀಸಿನದು. ಅಲ್ಲಿ ಅವನು ಟಿಕೆಟ್ ಹರಿದು, ಕತ್ತಲಲ್ಲಿ ಜನರಿಗೆ ಸೀಟು ತೋರಿಸುತ್ತಿದ್ದ. ಹರೆಯದಿಂದ ಹಿಡಿದು ತಲೆ ನರೆಯುವ ತನಕ ಅದೇ ಬಾಗಿಲು. ಒಂದು ದಿನ ಟಾಕೀಸು ಮುಚ್ಚಿ ಹಾಸಿಗೆ ಅಂಗಡಿಯಾಯಿತು. ಅಲ್ಲಿಂದ ಮಾವ ಮದುವೆ ಹಾಲ್‌ನ ಬಾಗಿಲಿಗೆ ಹೋದ. ಅದರ ಮಾಲೀಕರು ಅಣ್ಣತಮ್ಮಂದಿರು. ಅವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡು, ಹಾಲ್‌ಗೆ ಎರಡು ಕಡೆಯಿಂದ ಎರಡು ಬೀಗ ಜಡಿದರು. ಆಮೇಲೆ ಊರು ಸುಮ್ಮನಿದ್ದೀತೇ? ಆ ಮನುಷ್ಯ ಕಾದ ಬಾಗಿಲು ಮುಚ್ಚಿಯೇ ಮುಚ್ಚುತ್ತದೆ, ಅವನ ಕಾಲ್ಗುಣವೇ ಹಾಗೆ ಅಂತ ಮಾತು ಹುಟ್ಟಿತು. ಬ್ಯಾಂಕಿನವರು ಅವನ ಅರ್ಜಿ ನೋಡಿ ನಕ್ಕರು. ಆಸ್ಪತ್ರೆಯವರು ನಗಲಿಲ್ಲ, ಹೆದರಿದರು.

ಕೊನೆಗೆ ಕೈಹಿಡಿದವಳು ಬಾರಿನ ಓನರಮ್ಮ. ಗಂಡ ತೀರಿಕೊಂಡ ಮೇಲೆ ಬಾರು ಅವಳ ತಲೆ ಮೇಲೆ ಬಿದ್ದಿತ್ತು. ತಾನು ಒಂದು ತೊಟ್ಟೂ ಮುಟ್ಟಿದವಳಲ್ಲ. ಜನ ಯಾಕೆ ಇದನ್ನು ಕುಡಿಯುತ್ತಾರೆ ಅನ್ನುವುದು ಅವಳಿಗೆ ಕಡೆಯವರೆಗೂ ಬಗೆಹರಿಯಲಿಲ್ಲ. ಹಾಗಾಗಿ ಬಾರನ್ನು ಅವಳು ಔಷಧಿ ಅಂಗಡಿಯಂತೆ ನಡೆಸುತ್ತಿದ್ದಳು.

"ಯಾರ ಮೈಮೇಲೂ ಕೈ ಮಾಡ್ಬಾರದು," ಅಂದಳು ಕೆಲಸ ಕೊಡುವಾಗ.

"ಕೈ ಮಾಡೋಕೆ ನನಗೆ ಕೈ ಎಲ್ಲಮ್ಮಾ ಇದೆ?" ಅಂತ ಮಾವ ತನ್ನ ತೋಳು ತೋರಿಸಿದ. ಸಂದರ್ಶನ ಅಲ್ಲಿಗೆ ಮುಗಿಯಿತು.

ಹೀಗೆ ಮಾವನಿಗೆ ಮೂರನೇ ಬಾಗಿಲು ಸಿಕ್ಕಿತು. ಇದೂ ಮುಚ್ಚಿದರೆ ಈ ವಯಸ್ಸಿನಲ್ಲಿ ತನ್ನನ್ನು ಕೋಳಿಗೂಡಿನ ಬಾಗಿಲಿಗೂ ನಿಲ್ಲಿಸುವವರಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೇರಿದ ಹೊಸತರಲ್ಲೇ ಒಬ್ಬ ಕನ್ನಡಕದ ಗಿರಾಕಿ ಪಕ್ಕದ ಮೇಜಿನವನ ಕಾಲರ್ ಹಿಡಿದ. ಮಾವನಿಗೆ ಕೈಕಾಲು ಆಡಲಿಲ್ಲ. ಆಗ ಟಾಕೀಸಿನ ಪಾಠ ನೆನಪಾಯಿತು. ಸಿನಿಮಾ ನಡುವೆ ಮಗು ಕಿರುಚಿಕೊಂಡರೆ ಬಲ್ಲ ಗೇಟ್‌ಕೀಪರು ಮಗುವನ್ನು ಗದರುವುದಿಲ್ಲ, ಅದು ಯಾರ ಮಡಿಲಿನದು ಅಂತ ಹುಡುಕುತ್ತಾನೆ. ಮಾವ ಕನ್ನಡಕದವನ ಹತ್ತಿರ ಹೋಗಿ ತುಂಬ ಮೃದುವಾಗಿ ಕೇಳಿದ: "ಮನೇಲಿ ಯಾರಿದ್ದಾರೆ ಅಳಿಯ?"

ಕಾಲರ್ ಹಿಡಿದ ಕೈ ಸಡಿಲವಾಯಿತು. ಅದಕ್ಕಿಂತ ಭಯಂಕರವಾದ ಪ್ರಶ್ನೆಯನ್ನು ಆ ಬಾರಿನಲ್ಲಿ ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಅಲ್ಲಿಂದ ಮಾವನ ಯುದ್ಧನೀತಿ ಸಿದ್ಧವಾಯಿತು. ಮನೆಯವರ ಫೋನ್ ನಂಬರ್ ಕೊಡದೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಗಲಾಟೆ ಮಾಡಿದವನು ಹೊರಗಿನ ಮರದ ಬೆಂಚಿನ ಮೇಲೆ ಕೂರಬೇಕು. ಅಷ್ಟರಲ್ಲಿ ಮಾವ ತನ್ನ ದಪ್ಪ ಗುಂಡಿಯ ಫೋನು ತೆಗೆದು, ಕಣ್ಣು ಕಿರಿದು ಮಾಡಿ, ಒಂದೊಂದೇ ಗುಂಡಿ ಒತ್ತುತ್ತಿದ್ದ. ಅವನ ಫೋನಿನಲ್ಲಿ 'ಕನ್ನಡಕದವನ ಹೆಂಡತಿ', 'ಅಳುವವನ ಅಮ್ಮ', 'ಹಾಡುವವನ ಅತ್ತಿಗೆ' ಎಂಬ ಹೆಸರುಗಳಿದ್ದವು. ಹಾಡುವವನ ಅತ್ತಿಗೆಗೆ ಫೋನ್ ಹೋಗುವುದು ಹಾಡು ಶುರುವಾಗುವ ಮೊದಲೇ, ಅವನು ಗಂಟಲು ಸರಿ ಮಾಡಿಕೊಂಡಾಗಲೇ.

ಪರಿಣಾಮವಾಗಿ ಬಾರಿನ ಒಳಗೆ ಒಂದು ಶಾಂತಿ ನೆಲೆಸಿತು. ಗ್ಲಾಸು ಒಡೆಯುವುದು ನಿಂತೇ ಹೋಯಿತು. ಗಿರಾಕಿಗಳು ಲೈಬ್ರರಿಯಲ್ಲಿ ಕೂತವರಂತೆ ಪಿಸುಗುಟ್ಟುತ್ತಾ ಕುಡಿದರು.

ಯುದ್ಧ ಮಾತ್ರ ಬೀದಿಗೆ ಬಂತು.

ಕರೆಸಿಕೊಂಡ ಹೆಂಗಸರು ಬರುತ್ತಿದ್ದದ್ದು ಆರತಿ ಎತ್ತುವುದಕ್ಕಲ್ಲವಲ್ಲ! ಒಲೆ ಮೇಲಿನ ಪಾತ್ರೆ ಇಳಿಸಿ, ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ, ದಾರಿಯುದ್ದಕ್ಕೂ ಮಾತು ಕೂಡಿಹಾಕಿಕೊಂಡು ಬಂದವರು, ಬೆಂಚಿನ ಮುಂದೆ ನಿಂತು ಆ ಮೂಟೆ ಬಿಚ್ಚುತ್ತಿದ್ದರು. ಇವರಲ್ಲಿ ಮಹಾರಥಿ ಅಂದರೆ ಪ್ಲಂಬರಿನ ಅತ್ತೆ. ಪ್ಲಂಬರ್ ಒಳ್ಳೆಯವನು, ಎರಡು ಗ್ಲಾಸಿನ ತನಕ. ಮೂರನೆಯದಕ್ಕೆ ಅವನಿಗೆ ಲೋಕದ ಎಲ್ಲ ನಲ್ಲಿಗಳ ಮೇಲೂ ಸಿಟ್ಟು ಬಂದು ಮೇಜು ಗುದ್ದುತ್ತಿದ್ದ. ಅವನನ್ನು ಕರೆದೊಯ್ಯಲು ಅತ್ತೆ ಬರುತ್ತಿದ್ದಳು, ಬಿಸಿಲಿರಲಿ ಮಳೆಯಿರಲಿ, ಕೈಯಲ್ಲಿ ಕೊಡೆ ಹಿಡಿದು.

"ಏಳು ಮೇಲೆ! ನನ್ನ ಮಗಳಿಗೆ ನಿನ್ನನ್ನ ತಂದಿದ್ದು ಮನೇಲಿ ಇಟ್ಕೊಳ್ಳೋಕೆ, ಇಲ್ಲಿ ಬೆಂಚಿನ ಮೇಲೆ ಒಣಗಹಾಕೋಕಲ್ಲ!"

"ಅತ್ತೇ, ಮೆಲ್ಲಗೆ. ಜನ ನೋಡ್ತಾರೆ."

"ನೋಡ್ಲಿ ಅಂತಾನೇ ಬಂದಿದ್ದು!"

ಒಂದು ಸಂಜೆ ಆ ಕೊಡೆ ಗಾಳಿಯಲ್ಲಿ ಬೀಸಿತು. ಪ್ಲಂಬರ್ ಅಭ್ಯಾಸಬಲದಿಂದ ತಲೆ ಬಗ್ಗಿಸಿದ. ಕೊಡೆ ಕೈಜಾರಿ, ಮೇಲಕ್ಕೆ ಹಾರಿ, ಮಹಡಿ ಮನೆಯ ಕಿಟಕಿಯ ಗಾಜು ಒಡೆದು ಒಳಗೆ ಹೋಯಿತು.

ಆ ಮಹಡಿಯಲ್ಲಿ ಇರುವವರು ನಿವೃತ್ತ ಭೂಗೋಳದ ಮೇಷ್ಟ್ರು. ಒಂಟಿ ಜೀವ. ಗೋಡೆ ತುಂಬ ಭೂಪಟಗಳು, ಮನೆ ತುಂಬ ನಿಶ್ಶಬ್ದ. ಅವರು ಊಟಕ್ಕೆ ಕೂತಿದ್ದಾಗ ಕೊಡೆ ಬಂದು ಗೋಡೆಯ ಮೇಲಿನ ಮಹಾಸಾಗರವೊಂದರ ಮಧ್ಯೆ ಚುಚ್ಚಿ ನಿಂತಿತು. ಮೇಷ್ಟ್ರು ಕೈ ತೊಳೆದು ಪೊಲೀಸರಿಗೆ ಫೋನ್ ಮಾಡಿದರು. ಅವರ ಮೊದಲ ಫೋನ್ ಅಲ್ಲ ಅದು, ಆದರೆ ಗಾಜಿನ ಸಮೇತ ಹೇಳುವ ವಿಷಯ ಸಿಕ್ಕಿದ್ದು ಅದೇ ಮೊದಲು.

ಕೆಲವು ದಿನಗಳಲ್ಲಿ ಬಾರಿನ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಈ ಬಾರಿನಿಂದಾಗಿ ಅಪರಾಧ ಹೆಚ್ಚಿದೆ, ಸಾರ್ವಜನಿಕರ ಸುರಕ್ಷತೆಗೆ ಧಕ್ಕೆಯಾಗಿದೆ ಎಂದು ಪೊಲೀಸರು ದೂರಿರುವುದರಿಂದ, ಇದರ ಮದ್ಯದ ಲೈಸೆನ್ಸನ್ನು ಮರುಪರಿಶೀಲಿಸಲಾಗುವುದು. ಲೈಸೆನ್ಸ್ ಮಂಡಳಿ ವಿಚಾರಣೆ ನಡೆಸಿ, ಬೇಕಿದ್ದರೆ ರದ್ದು ಮಾಡುವುದು.

ನೋಟೀಸು ಅಂಟಿದ್ದು ತಾನು ಕಾಯುವ ಬಾಗಿಲಿಗಾದ್ದರಿಂದ ಮಾವ ಅದನ್ನೂ ಕಾಯತೊಡಗಿದ. ಗಿರಾಕಿಗಳು ಅದನ್ನು ಕೀಳಲು ಹೋದರೆ ಬಿಡಲಿಲ್ಲ. ದಿನಾ ಓದಿದ. ಓದಿ ಓದಿ ಅವನಿಗೆ ರೋಷ ಉಕ್ಕಿತು.

"ಯಾರೋ ನಮ್ಮ ಬಾಗಿಲ ಮುಂದೆ ಬಂದು ಅಪರಾಧ ಮಾಡ್ತಿದ್ದಾರೆ ಕಣೇ," ಅಂದ ಹೆಂಡತಿಗೆ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮಾತು ಕಡಿಮೆ, ಆವಿ ಜಾಸ್ತಿ. "ನಾನು ಅಲ್ಲೇ ನಿಂತಿರ್ತೀನಿ, ನನ್ನ ಕಣ್ಣಿಗೇ ಬಿದ್ದಿಲ್ಲ. ಎಷ್ಟು ಚಾಲಾಕಿಗಳು ನೋಡು!"

ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ತೊಳೆದರೂ ಹೋಗದ ಕಲೆಯನ್ನು ನೋಡುವ ಹಾಗೆ ಗಂಡನನ್ನು ನೋಡಿದಳು.

"ವಿಚಾರಣೆಗೆ ನೀವೂ ಹೋಗ್ಬೇಕಾ?"

"ಓನರಮ್ಮ ಬಾ ಅಂದಿದ್ದಾರೆ. ಮೀಸೆ ಇರೋರು ಒಬ್ರು ಜೊತೆಗಿರ್ಲಿ ಅಂತ."

"ಹೋಗಿ. ಮೀಸೆ ತೋರ್ಸಿ. ಅದರ ಕೆಳಗಿರೋ ಬಾಯಿ ಮಾತ್ರ ತೆಗೀಬೇಡಿ."

"ನಾನ್ಯಾಕೆ ತೆಗೀಲಿ? ನನ್ನ ಕೆಲಸದ ಮೇಲೇನೂ ದೂರಿಲ್ಲವಲ್ಲ!"

ಅವಳು ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದಳು. ಯಾರದೋ ಅಂಗಿಯ ಕಾಲರಿಗೆ ಅವತ್ತು ಬೇಕಾದ್ದಕ್ಕಿಂತ ಹೆಚ್ಚು ಒತ್ತು ಬಿತ್ತು.

ವಿಚಾರಣೆ ನಡೆದದ್ದು ನಗರಸಭೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ. ಮೇಜಿನ ಆ ಕಡೆ ಮಂಡಳಿಯವರು: ನಡುವೆ ಅಧ್ಯಕ್ಷೆ, ಕನ್ನಡಕದ ಮೇಲಿಂದ ಲೋಕ ನೋಡುವಾಕೆ, ಎಡಕ್ಕೊಬ್ಬ ಹಲ್ಲಿನ ಡಾಕ್ಟರು, ಬಲಕ್ಕೊಬ್ಬ ಹಾರ್ಡ್‌ವೇರ್ ಅಂಗಡಿಯವರು. ಡಾಕ್ಟರು ಮಾತಾಡುವವರ ಬಾಯಿಯನ್ನೇ ನೋಡುತ್ತಿದ್ದರು, ಅಂಗಡಿಯವರು ಬಾಗಿಲ ಕೀಲುಗಳನ್ನು. ಈ ಕಡೆ ಇನ್‌ಸ್ಪೆಕ್ಟರು, ಓನರಮ್ಮ, ಅವಳ ಲಾಯರು. ಹಿಂದಿನ ಕುರ್ಚಿಗಳಲ್ಲಿ ಮಾವ, ಅವನ ಕೈಯಲ್ಲಿ ಹತ್ತದ ಟಾರ್ಚು. ಅವನ ಹಿಂದೆ ಮಹಡಿ ಮೇಷ್ಟ್ರು. ಅವರು ಸಾಕ್ಷಿಗೆಂದು ಕರೆತಂದಿದ್ದು ಬೇರಾರನ್ನೂ ಅಲ್ಲ, ಪ್ಲಂಬರಿನ ಅತ್ತೆಯನ್ನೇ. ಗಲಾಟೆಯನ್ನು ಅಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ ಅನ್ನುವುದು ಮೇಷ್ಟ್ರ ಲೆಕ್ಕಾಚಾರ. ಕೊಡೆಯನ್ನೂ ಅವರೇ ವಾಪಸು ತಂದುಕೊಟ್ಟಿದ್ದರು.

ಇನ್‌ಸ್ಪೆಕ್ಟರು ಎದ್ದು ನಿಂತು ಓದಿದರು. ಬಾರಿನ ಮುಂದೆ ಓರ್ವ ಮಹಿಳೆ ಓರ್ವ ಪುರುಷನ ಕಿವಿ ಹಿಡಿದು ಎಳೆದೊಯ್ದದ್ದು. ಓರ್ವ ವೃದ್ಧೆ ಮಗನೆದುರು ರಸ್ತೆಯಲ್ಲೇ ಕೂತು ಸಂಚಾರಕ್ಕೆ ಅಡ್ಡಿಯಾದದ್ದು. ಅತ್ತಿಗೆ-ಮೈದುನರ ನಡುವೆ ಚಪ್ಪಲಿ ವಿನಿಮಯ. ಕೊಡೆಯಿಂದ ಆಸ್ತಿಪಾಸ್ತಿ ನಷ್ಟ.

ಓದುತ್ತಾ ಹೋದಂತೆ ಮಾವನ ಮುಖ ಅರಳಿತು. ಇವೆಲ್ಲ ಅವನಿಗೆ ಗೊತ್ತಿದ್ದ ವಿಷಯಗಳೇ. ಅಪರಾಧಗಳ ಸರದಿ ಯಾವಾಗ ಬರುತ್ತದೋ ಅಂತ ಅವನು ಕಾದ. ಇನ್‌ಸ್ಪೆಕ್ಟರು ಕಾಗದ ಮಡಚಿ ಕೂತರು.

ಈಗ ಲಾಯರು ಎದ್ದರು. ಅವರು ಕೆಲಸ ಬಲ್ಲ ಮನುಷ್ಯ.

"ಇನ್‌ಸ್ಪೆಕ್ಟರೇ, ಒಂದೇ ಪ್ರಶ್ನೆ. ಗಲಾಟೆ ಮಾಡಿದ ಈ ಮಹಿಳೆಯರಲ್ಲಿ ಯಾರಾದರೂ ಕುಡಿದಿದ್ದರೇ?"

"ಇಲ್ಲ."

"ಬಾರಿನ ಒಳಗೆ ಕಾಲಿಟ್ಟಿದ್ದರೇ?"

"ಇಲ್ಲ."

"ಬಾರಿನ ಒಳಗಡೆ ಏನಾದರೂ ಹೊಡೆದಾಟ?"

"ಇಲ್ಲ. ಒಳಗಡೆ..." ಇನ್‌ಸ್ಪೆಕ್ಟರು ತುಸು ನೊಂದ ದನಿಯಲ್ಲಿ ಅಂದರು, "ಒಳಗಡೆ ಏನೂ ಆಗಲ್ಲ."

ಲಾಯರು ಮಂಡಳಿಯ ಕಡೆ ತಿರುಗಿದರು. "ನೋಡಿ. ಇವರು ಯಾರೋ ದಾರಿಹೋಕರು. ಇವರಿಗೂ ನನ್ನ ಕಕ್ಷಿದಾರರಿಗೂ ಸಂಬಂಧವೇ ಇಲ್ಲ. ಬೀದಿಯಲ್ಲಿ ಹೋಗುವ ಮಹಿಳೆಯರು ಬಂದು ಇವರ ಬಾಗಿಲ ಮುಂದೆಯೇ ಜಗಳವಾಡಿದರೆ ಬಾರಿನ ತಪ್ಪೇನು?"

ಹಲ್ಲಿನ ಡಾಕ್ಟರು ತಲೆದೂಗಿದರು. ಅಂಗಡಿಯವರೂ ತಲೆದೂಗಿದರು. ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಓನರಮ್ಮನ ಭುಜ ಮೊದಲ ಬಾರಿಗೆ ಸಡಿಲವಾಯಿತು. ಗೆಲುವು ಕೈಗೆಟಕುವಷ್ಟು ಹತ್ತಿರ ಬಂದಿತ್ತು.

ಆಗ ಮಾವ ಎದ್ದು ನಿಂತ.

ಅವನ ಪರವಾಗಿ ಇಷ್ಟು ಹೇಳಬಹುದು: ಅವನು ತಡೆದುಕೊಳ್ಳಲು ನೋಡಿದ. ಟಾರ್ಚನ್ನು ಎರಡೂ ಕೈಯಲ್ಲಿ ಹಿಸುಕಿದ. ಆದರೆ ತಾನು ಇಷ್ಟು ಕಾಲ ಬೆವರು ಸುರಿಸಿ ಮಾಡಿದ ಕೆಲಸವನ್ನು ಕಣ್ಣೆದುರೇ ಯಾರೋ ದಾರಿಹೋಕರ ಲೆಕ್ಕಕ್ಕೆ ಬರೆಯುವುದನ್ನು ಎಷ್ಟು ಹೊತ್ತು ಅಂತ ಸಹಿಸುವುದು?

"ತಪ್ಪು ತಿಳ್ಕೋಬೇಡಿ ಲಾಯರ್ ಸಾಹೇಬ್ರೆ," ಅಂದ. "ಅವರು ದಾರಿಹೋಕರಲ್ಲ. ಅವರನ್ನೆಲ್ಲ ನಾನೇ ಫೋನ್ ಮಾಡಿ ಕರೆಸಿದ್ದು."

ಓನರಮ್ಮ ಕಣ್ಣು ಮುಚ್ಚಿದಳು. ಲಾಯರು ಬ್ಯಾಗಿನ ಜಿಪ್ ಎಳೆಯತೊಡಗಿದರು.

"ಎಲ್ಲರನ್ನೂ?" ಅಂದರು ಅಧ್ಯಕ್ಷೆ.

"ಒಬ್ಬರನ್ನೂ ಬಿಟ್ಟಿಲ್ಲ ಮೇಡಂ," ಅಂದ ಮಾವ ಹೆಮ್ಮೆಯಿಂದ. "ಕಿವಿ ಹಿಡಿದದ್ದು ಕನ್ನಡಕದವನ ಹೆಂಡತಿ. ಅವತ್ತು ಎರಡು ಸಲ ಮಾಡ್ಬೇಕಾಯ್ತು, ಆಯಮ್ಮ ಸ್ನಾನಕ್ಕೆ ಹೋಗಿದ್ರು."

ಆಗ ಅವನ ಕಣ್ಣು ಇನ್‌ಸ್ಪೆಕ್ಟರ ಮೇಲೆ ಬಿತ್ತು. ಅವರು ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದರು, ಮುಖ ಹಬ್ಬದೂಟಕ್ಕೆ ಕೂತವರ ಹಾಗಿತ್ತು. ನೋಟೀಸಿನ ಒಂದೊಂದೇ ಸಾಲು ಮಾವನಿಗೆ ನೆನಪಾಯಿತು. ಅಪರಾಧ. ಸುರಕ್ಷತೆ. ಧಕ್ಕೆ. ದಿನಾ ಓದಿದ್ದು ಈಗ ಮೊದಲ ಸಲ ತಲೆಗೆ ಇಳಿಯಿತು. ಅವನು ಇಷ್ಟು ದಿನ ಹುಡುಕುತ್ತಿದ್ದ ಚಾಲಾಕಿ ಅಪರಾಧಿ ಅವನ ಮೀಸೆಯನ್ನೇ ಇಟ್ಟುಕೊಂಡಿದ್ದ. ಅವನ ಮೂರನೇ ಬಾಗಿಲಿಗೆ ಬೀಗ ಜಡಿಯುತ್ತಿದ್ದವನೂ ಅವನೇ.

"ಅಂದ್ರೆ..." ಅಂದ.

ಹಿಂದಿನಿಂದ ಮೇಷ್ಟ್ರು ಎದ್ದರು. "ಅಧ್ಯಕ್ಷರೇ, ನನ್ನ ಸಾಕ್ಷಿಯನ್ನೂ ಕೇಳಬೇಕು. ಈ ಬಾರಿನಿಂದ ಎಷ್ಟು ನೊಂದಿದ್ದಾರೆ ಅಂತ ಈಯಮ್ಮನೇ ಹೇಳ್ತಾರೆ."

ಪ್ಲಂಬರಿನ ಅತ್ತೆ ಕೊಡೆ ಊರಿಕೊಂಡು ಮುಂದೆ ಬಂದಳು. ಹಲ್ಲಿನ ಡಾಕ್ಟರು ಕುರ್ಚಿಯನ್ನು ಒಂಚೂರು ಹಿಂದಕ್ಕೆ ಸರಿಸಿದರು.

"ಬೀದೀಲಿ ಗಲಾಟೆ ಆಗುತ್ತಾ ಅಮ್ಮ?" ಅಂತ ಅಧ್ಯಕ್ಷೆ ಕೇಳಿದರು.

"ಆಗುತ್ತೆ. ಮಾಡೋದೇ ನಾನು."

"ಹಾಗಾದ್ರೆ ಬಾರ್ ಮುಚ್ಚಿದ್ರೆ ಒಳ್ಳೇದು ಅಂತೀರಾ?"

"ಅಯ್ಯೋ, ಯಾಕೆ ಮುಚ್ತೀರಿ? ಮುಚ್ಚಿದ್ರೆ ನಮ್ಮಳಿಯ ಮನೇಲಿ ಕೂತು ಮಜ್ಜಿಗೆ ಕುಡೀತಾನಾ? ಮೊದ್ಲು ಸೇತುವೆ ಆಚೆ ಬಾರಿಗೆ ಹೋಗ್ತಿದ್ದ. ಅಲ್ಲೂ ಒಬ್ಬ ನಿಂತಿರ್ತಾನೆ ಬಾಗಿಲಲ್ಲಿ, ಗೋಡೆ ಹಾಗೆ. ಜಾಸ್ತಿ ಆದವರನ್ನ ಎತ್ತಿ ಆಚೆ ಹಾಕ್ತಾನೆ, ಆಮೇಲೆ ಅವರ್ಯಾರೋ ಇವನ್ಯಾರೋ. ಹೋದ ಮಳೆಗಾಲ ಒಂದಿನ ನಮ್ಮಳಿಯ ಮನೆಗೆ ಬರ್ಲಿಲ್ಲ. ನಾನೂ ನನ್ನ ಮಗಳೂ ಹುಡುಕಿ ಹುಡುಕಿ, ಬೆಳಕು ಹರಿದ ಮೇಲೆ ಸೇತುವೆ ಕೆಳಗೆ ಸಿಕ್ಕಿದ. ನೀರು ಎದೆ ತನಕ ಬಂದಿತ್ತು." ಅವಳು ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನು ನೋಡಿದಳು. "ಇಲ್ಲಾದ್ರೆ ಈ ಪುಣ್ಯಾತ್ಮ ಫೋನ್ ಮಾಡ್ತಾನೆ. ನಾನು ಬಂದು ಬೈದು ಕರ್ಕೊಂಡು ಹೋಗ್ತೀನಿ. ಬೈಯೋಕೆ ಅಳಿಯ ಅಂತ ಒಬ್ಬ ಇದ್ದಾನಲ್ಲ, ಅಷ್ಟು ಸಾಕು."

ಮೇಷ್ಟ್ರು ತಮ್ಮ ಸಾಕ್ಷಿಯನ್ನು, ನಕ್ಷೆಯಲ್ಲಿ ಇಲ್ಲದ ದೇಶವೊಂದು ಕಣ್ಣೆದುರು ಮೂಡಿದಂತೆ ನೋಡುತ್ತಾ ನಿಂತರು.

ಅಧ್ಯಕ್ಷೆ ಅಕ್ಕಪಕ್ಕದವರ ಜೊತೆ ಪಿಸುಮಾತಾಡಿದರು. ಆಮೇಲೆ ಆದೇಶ ಹೇಳಿದರು. ಲೈಸೆನ್ಸ್ ರದ್ದಿಲ್ಲ. ಆದರೆ ಬಾರು ಈಗಿನದಕ್ಕಿಂತ ಬೇಗ ಮುಚ್ಚಬೇಕು, ಮೇಷ್ಟ್ರ ಗಾಜು ಹಾಕಿಸಿಕೊಡಬೇಕು. ಇನ್ನು ಫೋನ್ ಮಾಡಿ ಕರೆಸಿದ ಮನೆಯವರು ಯಾವ ಕಾರಣಕ್ಕೂ ಬೀದಿಯಲ್ಲಿ ನಿಲ್ಲಕೂಡದು. ಅವರಿಗೆ ಒಳಗೆ ಪ್ರತ್ಯೇಕ ಕೋಣೆ ಇರಬೇಕು, ಹೋಗಿ ಬರಲು ಪ್ರತ್ಯೇಕ ಬಾಗಿಲು ಬೇಕು, ಆ ಬಾಗಿಲಲ್ಲೂ ಜವಾಬ್ದಾರಿಯುಳ್ಳ ಒಬ್ಬರು ನಿಲ್ಲಬೇಕು.

"ಕೀಲು ಒಳ್ಳೇದು ಹಾಕ್ಸಿ," ಅಂದರು ಹಾರ್ಡ್‌ವೇರ್ ಅಂಗಡಿಯವರು. ಇಡೀ ವಿಚಾರಣೆಯಲ್ಲಿ ಅವರು ಆಡಿದ್ದು ಅದೊಂದೇ ಮಾತು.

ನಗರಸಭೆಯ ಮೆಟ್ಟಿಲ ಮೇಲೆ ಮಾವ ಓನರಮ್ಮನ ಮುಂದೆ ಟಾರ್ಚು ಚಾಚಿದ, ಸೋತ ರಾಜ ಖಡ್ಗ ಒಪ್ಪಿಸುವ ಹಾಗೆ.

"ನಾನು ಬಿಟ್ಟುಬಿಡ್ತೀನಮ್ಮ. ನನ್ನ ಕಾಲ್ಗುಣ ಸರಿಯಿಲ್ಲ."

"ನಿಮ್ಮ ಕಾಲು ಸರಿಯಾಗೇ ಇದೆ, ಎದ್ದು ನಿಂತಿದ್ದೇ ತಪ್ಪು," ಅಂದಳು ಓನರಮ್ಮ. "ಹೋದ್ರೆ ಆ ನಂಬರುಗಳನ್ನೆಲ್ಲ ಯಾರು ಒತ್ತೋದು, ನಾನಾ? ಸುಮ್ನೆ ಬನ್ನಿ. ಇನ್ನೊಂದು ಬಾಗಿಲಿಗೆ ಆಳು ಹುಡುಕ್ಬೇಕು. ಬಾಯಿ ಇಲ್ಲದವರು ಯಾರಾದ್ರೂ ಇದ್ರೆ ಹೇಳಿ."

ಮಾವನಿಗೆ ಅಂಥವರು ಒಬ್ಬರು ಗೊತ್ತಿದ್ದರು. ಹಾಗೆ ಅವನ ಹೆಂಡತಿ ಲಾಂಡ್ರಿ ಬಿಟ್ಟು ಬಾರಿಗೆ ಬಂದಳು.

ಖಾಲಿ ಕ್ರೇಟು ತುಂಬಿಡುವ ಕೋಣೆಯನ್ನು ತೆರವು ಮಾಡಿಸಿ, ಸುಣ್ಣ ಹೊಡೆಸಿ, ಪಕ್ಕದ ಓಣಿಗೆ ಬಾಗಿಲು ಇಡಿಸಿದರು. ಕುರ್ಚಿ, ಫ್ಯಾನು, ಚಹಾ. ಮೊದಮೊದಲು ಹೆಂಗಸರು ಬಂದು ಕುರ್ಚಿಯ ತುದಿಯಲ್ಲಿ ಕೂತು, ಗಂಡಸರನ್ನು ಎಳೆದುಕೊಂಡು ಹೋದರು. ಕ್ರಮೇಣ ಅವರಿಗೆ ಒಂದು ಸತ್ಯ ಗೋಚರಿಸಿತು: ಇಡೀ ದಿನದಲ್ಲಿ ತಾವು ಫ್ಯಾನಿನ ಕೆಳಗೆ, ಇನ್ನೊಬ್ಬರು ಮಾಡಿಕೊಟ್ಟ ಚಹಾ ಕುಡಿಯುತ್ತಾ ಕೂರುವುದು ಇಲ್ಲಿ ಮಾತ್ರ. ಕರೆ ಬರುವ ಮೊದಲೇ ಬರತೊಡಗಿದರು. ಕೆಲವರು ಹೆಣಿಗೆ ತಂದರು. ಕನ್ನಡಕದವನ ಹೆಂಡತಿ ಇಸ್ಪೀಟು ಕಟ್ಟು ತಂದಳು. ಗೋಡೆ ತೆಳುವಾದ್ದರಿಂದ ಆಚೆಯ ನಗು ಈಚೆಗೆ ಕೇಳುತ್ತಿತ್ತು. ಈಚೆಯ ಗಂಡಸರು, ಅವರು ತಮ್ಮ ಬಗ್ಗೆಯೇ ನಗುತ್ತಿದ್ದಾರೋ ಏನೋ ಅಂತ ಕಿವಿಗೊಟ್ಟು, ಎರಡನೇ ಗ್ಲಾಸಿನಲ್ಲೇ ನಿಲ್ಲಿಸಿದರು. ಓನರಮ್ಮ ಬಾಟಲಿಗಿಂತ ಹೆಚ್ಚು ಹಾಲು ತರಿಸುವ ಸ್ಥಿತಿಗೆ ಬಂದಳು. ಚಹಾ ಯಾಕೆ ಕುಡಿಯುತ್ತಾರೆ ಅನ್ನುವುದಾದರೂ ಅವಳಿಗೆ ಅರ್ಥವಾಗುತ್ತಿತ್ತು.

ಇನ್‌ಸ್ಪೆಕ್ಟರು ಆಗಾಗ ಬಂದು ಬೀದಿಯಲ್ಲಿ ನಿಂತು ನೋಡಿ, ಏನೂ ಸಿಗದೆ ಹೋಗುತ್ತಿದ್ದರು. ಮಹಡಿ ಮೇಷ್ಟ್ರ ಹೊಸ ಕಿಟಕಿಯ ಕೆಳಗೆ ಈಗ ಸದ್ದೇ ಇರಲಿಲ್ಲ. ಒಂದು ಸಂಜೆ ಅವರೇ ಇಳಿದು ಬಂದು ಬಾಗಿಲಲ್ಲಿ ನಿಂತರು.

"ಮನೆ ನಂಬರ್ ಕೊಡಿ ಮೇಷ್ಟ್ರೆ," ಅಂದ ಮಾವ. ಮೇಷ್ಟ್ರನ್ನು ಅಳಿಯ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಮೇಷ್ಟ್ರು ಹೇಳಿದರು. ಮಾವ ಒತ್ತಿಕೊಂಡ.

"ಎತ್ತೋರು ಯಾರು?"

"ನಾನೇ."

ಮಾವ ಫೋನು ಮತ್ತೆ ಜೇಬಿಗಿಟ್ಟ. "ಪಕ್ಕದ ಬಾಗಿಲಿಗೆ ಹೋಗಿ. ಅಲ್ಲಿ ನಂಬರ್ ಕೇಳಲ್ಲ."

ಹೀಗೆ ಎಲ್ಲ ಶಾಂತವಾಗಿರುವಾಗ, ಒಂದು ಮುಸ್ಸಂಜೆ ಪಕ್ಕದ ಕೋಣೆಯಿಂದ ಭಾರೀ ಸದ್ದು ಬಂತು. ಇಸ್ಪೀಟಿನಲ್ಲಿ ಮೇಷ್ಟ್ರು ಎಲೆ ಮುಚ್ಚಿಟ್ಟರು ಅಂತ ಪ್ಲಂಬರಿನ ಅತ್ತೆ ಕೊಡೆ ಎತ್ತಿದ್ದಳು. ಮಾವನ ಹೆಂಡತಿ ಬಾಗಿಲು ತೆರೆದು ಒಂದು ನೋಟ ನೋಡಿದಳು. ಅತ್ತೆ ಕೊಡೆ ಇಳಿಸಿದಳು, ತಾನಾಗಿಯೇ ಎದ್ದು, ಹೊರಗೆ ಬಂದು, ಮುಂದಿನ ಮರದ ಬೆಂಚಿನ ಮೇಲೆ ಕೂತಳು. ಅವಳ ಅಳಿಯ ಎಷ್ಟೋ ಸಂಜೆ ಕೂತು ಸವೆಸಿದ ಜಾಗವೇ ಅದು.

ಮಾವ ಫೋನು ತೆಗೆದು, ಕಣ್ಣು ಕಿರಿದು ಮಾಡಿ, ಒಂದೊಂದೇ ಗುಂಡಿ ಒತ್ತಿದ.

ಪ್ಲಂಬರ್ ಬಂದ. ಕೆಲಸದ ಮೇಲಿಂದಲೇ ಎದ್ದು ಬಂದಿದ್ದ, ಕೈಯಲ್ಲಿ ನಲ್ಲಿ ಬಿಚ್ಚುವ ಸ್ಪ್ಯಾನರು ಹಾಗೇ ಇತ್ತು. ಬೀದಿಯ ಕಿಟಕಿಗಳೆಲ್ಲ ತೆರೆದವು. ವರ್ಷಗಟ್ಟಲೆ ಕೇಳಿಸಿಕೊಂಡ ಮಾತು ಅವನ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದು ನಮಗೆಲ್ಲ ಕಾಣುತ್ತಿತ್ತು. ಅವನು ಅತ್ತೆಯ ಮುಂದೆ ಕಾಲಗಲಿಸಿ ನಿಂತು, ಎದೆ ತುಂಬ ಉಸಿರು ಎಳೆದುಕೊಂಡ.

"ಅತ್ತೇ..." ಅಂದ. "ಏಳಿ. ಊಟಕ್ಕೆ ಕಾಯ್ತಿದ್ದಾಳೆ."

"ಮೆಲ್ಲಗೆ ಮಾತಾಡು," ಅಂದಳು ಅತ್ತೆ. "ಜನ ನೋಡ್ತಾರೆ."

ಮಾವ ಕೆಮ್ಮಿದ. "ಬೀದೀಲಿ ನಿಲ್ಲೋ ಹಾಗಿಲ್ಲ ಅಳಿಯ, ಮಂಡಳಿ ಆದೇಶ. ಕರೆಸಿದವರು ಒಳಗೆ ಕೂರ್ಬೇಕು."

ಪ್ಲಂಬರ್ ಒಂದು ಬಾಗಿಲು ನೋಡಿದ, ಇನ್ನೊಂದು ಬಾಗಿಲು ನೋಡಿದ. ಆಮೇಲೆ ಸ್ಪ್ಯಾನರು ಕಂಕುಳಲ್ಲಿ ಇಟ್ಟುಕೊಂಡು, ಮಾವನ ಹೆಂಡತಿಗೆ ತಲೆ ಬಗ್ಗಿಸಿ, ಚಹಾದ ಬಾಗಿಲಿನಿಂದ ಒಳಗೆ ಹೋದ. ಮಾವ ಹತ್ತದ ಟಾರ್ಚಿನಲ್ಲಿ ಅವನಿಗೆ ಕುರ್ಚಿ ತೋರಿಸಿದ.